ಅಲುಗಾಡದ ಅಂಕಿ

ನಮ್ಮ ಮನೆಯಲ್ಲಿ ಅಮಾವಾಸ್ಯೆ ಬಂತೆಂದರೆ ಯಂತ್ರಗಳಿಗೆಲ್ಲ ಪೂಜೆ. ಗಂಡನಿಗೆ ಸೇಡಂನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಅಂಗಡಿಯ ಮಷಿನ್ನು, ಮೋಟರ್ ಸೈಕಲ್ಲು, ಮನೆಯ ಮಿಕ್ಸಿ, ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗದೆ ಚಹಾ ಮುಟ್ಟುವ ಮನುಷ್ಯನಲ್ಲ. ನಾನು ನಗುತ್ತಲೇ ನೋಡಿಕೊಂಡು ಬಂದವಳು. ಒಂದು ಅಮಾವಾಸ್ಯೆ ಮಾತ್ರ ನಗು ಬರಲಿಲ್ಲ.

ನಮ್ಮ ಒಬ್ಬಳೇ ಮಗಳಿಗೆ ಐದನೇ ತರಗತಿಯಲ್ಲಿದ್ದಾಗಲೇ ಸಕ್ಕರೆ ಕಾಯಿಲೆ ಬಂತು. ಮಕ್ಕಳಿಗೆ ಬರುವ ಬಗೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಸಕ್ಕರೆ ಏರಿದರೂ ಕಷ್ಟ, ತೀರ ಇಳಿದರಂತೂ ಎಚ್ಚರ ತಪ್ಪಿ ಬೀಳಬಹುದು. ತೋಳಿಗೆ ಅಂಟಿಸಿದ ಸಣ್ಣ ಸೆನ್ಸರ್ ಅವಳ ಫೋನಿಗೆ ಆಗಾಗ ಅಂಕಿ ಕಳಿಸುತ್ತದೆ. ನಾನೋ, ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತು ಸುಣ್ಣದಕಲ್ಲು ಸುಡುವ ಭಟ್ಟಿಯ ಬಿಸಿ ನೋಡುವವಳು. ಭಟ್ಟಿಯ ಬಿಸಿ ಕಾಣುತ್ತದೆ, ಹೆತ್ತ ಮಗಳ ಸಕ್ಕರೆ ಕಾಣುವುದಿಲ್ಲ. ಏನು ಸುಡುಗಾಡು ನೌಕರಿ ಎಂದು ಎಷ್ಟು ಸಲ ಬೈದುಕೊಂಡಿದ್ದೇನೋ!

ಎಂಟನೇ ತರಗತಿಯಲ್ಲಿ ಶಾಲೆಯವರು ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಜಲಾಶಯಕ್ಕೆ ಟ್ರಿಪ್ ಇಟ್ಟರು. ನಾನು ಬೇಡವೇ ಬೇಡ ಎಂದೆ.

"ಸಕ್ರಿ ಅದಂತ ನಾ ಮನ್ಯಾಗೇ ಕುಂದರಬೇಕೇನು? ಎಲ್ಲಾರೂ ಹೊಂಟಾರ!" ಎಂದವಳೇ ಧಡ್ಡನೆ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಅವಳ ಮಾತಿನಲ್ಲಿ ತಪ್ಪೇನಿತ್ತು? ಹೆದರಿಕೆ ನನ್ನದು, ಶಿಕ್ಷೆ ಅವಳಿಗೆ.

ಹಟ ಹಿಡಿದು ಹುಡುಕಿದೆ. ದೂರದೇಶಗಳಲ್ಲಿ ಇಂಥದೇ ಮಕ್ಕಳ ತಂದೆತಾಯಂದಿರು ಸೇರಿ ಒಂದು ಪ್ರೋಗ್ರಾಮ್ ಬರೆದು ಪುಕ್ಕಟೆ ಹಂಚಿದ್ದರು. ಅದನ್ನು ನಮ್ಮದೇ ಕಂಪ್ಯೂಟರಿಗೆ ಹಾಕಿಕೊಂಡರೆ ಮಗುವಿನ ಅಂಕಿ, ಅದರ ಏರಿಳಿತದ ಗೆರೆ, ಎರಡೂ ನಾವಿದ್ದಲ್ಲೇ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತವೆ. ಮುಖ ನೋಡದ ಆ ಜನರ ಹೊಟ್ಟೆ ತಣ್ಣಗಿರಲಿ. ಶಹಾಬಾದಿನಲ್ಲಿ ಬಾಗಿಲು ಹಾಕಿದ ಝೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರ್ ತಂದು, ಅದನ್ನೇ ಸರ್ವರ್ ಮಾಡಿ, ಮೂರು ಕಂಟೇನರ್ ಕೂರಿಸಿದೆ. ಕಂಟೇನರ್ ಅಂದರೇನೆಂದು ಗಂಡ ಕೇಳಿದಾಗ ಅವರ ಬುತ್ತಿಯನ್ನೇ ತೋರಿಸಿದೆ. ಪಲ್ಯ, ಶೇಂಗಾ ಹಿಂಡಿ, ಮೊಸರು ಒಂದರೊಳಗೊಂದು ಕಲೆಯಬಾರದೆಂದು ಬೇರೆಬೇರೆ ಡಬ್ಬಿ ಕಟ್ಟುತ್ತೇವಲ್ಲ, ಹಾಗೆ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಡಬ್ಬಿ. ಒಂದು ಅಂಕಿಗಳನ್ನು ಕೂಡಿಡುತ್ತದೆ, ಒಂದು ಪರದೆ ತೋರಿಸುತ್ತದೆ, ಇನ್ನೊಂದು ಬಾಗಿಲು ಕಾಯುತ್ತದೆ. ಅಂದಿನಿಂದ ಮನೆಯಲ್ಲಿ ಆ ಸರ್ವರ್‌ಗೇ ಡಬ್ಬಿ ಎಂದು ಹೆಸರು. ಕೂಡಿಟ್ಟ ಅಂಕಿಗಳ ಕಡತ ಮಾತ್ರ ಕಂಟೇನರಿನ ಹೊರಗಿರಬೇಕು. ಅದು ತಿಳಿಯದೆ ಮೊದಲ ಸಲ ಹೊಸ ಆವೃತ್ತಿ ಹಾಕುವಾಗ ಹಳೆಯದೆಲ್ಲ ಕಳೆದುಕೊಂಡು, ತಲೆ ಚಚ್ಚಿಕೊಂಡು, ಮತ್ತೆ ಮೊದಲಿನಿಂದ ಕಟ್ಟಿದೆ. ನಮ್ಮ ಕಡೆಯ ಧೂಳಿಗೆ ಆಗಾಗ ಫ್ಯಾನ್ ಬಿಚ್ಚಿ ಒರೆಸುವ ಕೆಲಸ ಬೇರೆ. ಎಲ್ಲ ನೆಟ್ಟಗಾದ ಮೇಲೆ ಮಗಳನ್ನು ಕರೆದು "ಹೋಗಿ ಬಾ" ಎಂದೆ. ಕೊರಳಿಗೇ ಜೋತುಬಿದ್ದಳು.

ಟ್ರಿಪ್ಪಿನ ದಿನವೇ ಅಮಾವಾಸ್ಯೆ. ಅವಳು ಬಸ್ ಹತ್ತಿದಳು, ನಾನು ಡ್ಯೂಟಿಗೆ ಹೋದೆ. ಚಹಾಕ್ಕೆ ಕ್ಯಾಂಟೀನಿಗೆ ಬಂದು ಫೋನ್ ತೆರೆದರೆ ನೂರಾ ಇಪ್ಪತ್ತಾರು, ಹಸಿರು ಬಣ್ಣ. ಜೀವ ಹಾಯೆನಿಸಿತು. ಊಟದ ಹೊತ್ತಿಗೆ ಮತ್ತೆ ನೋಡಿದೆ, ನೂರಾ ಇಪ್ಪತ್ತಾರು. ಎಷ್ಟು ಚೆನ್ನಾಗಿ ನಿಂತಿದೆ ಎಂದು ಹಿಗ್ಗಿಕೊಂಡೇ ಊಟ ಮುಗಿಸಿ ಬಂದು ಕೂತೆ. ಪಕ್ಕದ ಪರದೆ ನೋಡುತ್ತಿದ್ದ ಸಹೋದ್ಯೋಗಿ ಕರೆದರು. "ಮೇಡಂ, ಈ ಟೆಂಪರೇಚರ್ ಅಲುಗಾಡಲಿಕ್ಕತ್ತಿಲ್ಲ. ಸೆನ್ಸರ್ ಸತ್ತದ ನೋಡ್ರಿ."

ಚಹಾದ ಹೊತ್ತಿಗೆ ನೂರಾ ಇಪ್ಪತ್ತಾರು, ಊಟದ ಹೊತ್ತಿಗೂ ನೂರಾ ಇಪ್ಪತ್ತಾರು! ಇಷ್ಟು ವರ್ಷದ ಕೆಲಸದಲ್ಲಿ ನಾನೇ ಎಷ್ಟು ಜನರಿಗೆ ಹೇಳಿಕೊಟ್ಟ ಪಾಠ ಅದು! ಬದುಕಿರುವ ಅಂಕಿ ಒಂದಿಷ್ಟಾದರೂ ಅಲುಗಾಡುತ್ತದೆ. ಅವರಿಗೆ ಪರದೆ ಒಪ್ಪಿಸಿ ಹೊರಗೋಡಿದೆ. ಮಗಳ ಫೋನ್ ಹತ್ತಲಿಲ್ಲ, ಜೊತೆಗಿದ್ದ ಟೀಚರದ್ದೂ ಹತ್ತಲಿಲ್ಲ. ಗಂಡನಿಗೆ ಫೋನ್ ಹಚ್ಚಿದೆ.

"ಏನ್ರಿ, ಡಬ್ಬಿಗೆ ಏನ್ ಮಾಡೀರಿ?"

"ನಾ ಏನ್ ಮಾಡ್ಲಿ? ಪೂಜಿ ಮಾಡೀನಿ. ಭಾಳ ಧೂಳಾಗಿತ್ತು, ಹಸಿ ಅರಬಿಲೆ ಒರಸೀನಿ."

"ಪ್ಲಗ್ ತಗದಿದ್ರೇನು?"

"ತಗೀದೆ ಒರಸಿದ್ರ ನಿನಗ ಗಂಡ ಉಳೀತಿದ್ನೇನು? ಮತ್ತ ಹಚ್ಚೀನಿ, ಲೈಟ್ ಹತ್ತ್ಯಾದ."

ಕಂಪ್ಯೂಟರ್ ಎದ್ದಿತ್ತು, ಒಳಗಿನ ಕಂಟೇನರುಗಳು ಎದ್ದಿರಲಿಲ್ಲ. ಕರೆಂಟ್ ಹೋಗಿಬಂದರೆ ತಾವಾಗಿಯೇ ಏಳಲಿ ಎಂದು ಒಂದು ಸಾಲು ಬರೆಯಬೇಕು. ಇನ್ವರ್ಟರ್ ಇದೆಯಲ್ಲ ಎಂದು ನಾನು ಬರೆದಿರಲಿಲ್ಲ. ಬೆಳಗಿನಿಂದ ನಾನು ನೋಡಿ ಹಿಗ್ಗಿದ್ದು ನನ್ನ ಫೋನಿನಲ್ಲೇ ಉಳಿದುಹೋಗಿದ್ದ, ಅವಳು ಮನೆ ಬಿಡುವಾಗಿನ ಅಂಕಿಯನ್ನು! ಫೋನಿನಿಂದಲೇ ಸರ್ವರಿನೊಳಗೆ ಹೋಗಿ, ಕಂಟೇನರುಗಳನ್ನು ಎಬ್ಬಿಸುವ ಆದೇಶ ಬರೆದೆ. ಒಂದೊಂದಾಗಿ ಮೂರೂ ಎದ್ದವು. ಪರದೆಯಲ್ಲಿ ಬೆಳಗಿನಿಂದೀಚೆಗೆ ಎಲ್ಲ ಖಾಲಿ ಇತ್ತು. ಅವಳ ಫೋನಿಗೆ ನೆಟ್‌ವರ್ಕ್ ಸಿಕ್ಕರೆ ಕೂಡಿಟ್ಟ ಅಂಕಿಯೆಲ್ಲ ಬರುತ್ತದೆ. ಬಸವಣ್ಣಾ, ಬಸವಣ್ಣಾ ಎನ್ನುತ್ತ ನಿಂತೆ.

ಕೊನೆಗೂ ಗೆರೆ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಸರ್ರನೆ ಇಳಿದು ಕೆಂಪಿಗೆ ಮುಟ್ಟಿತ್ತು. ಅಲ್ಲಿಂದ ಮೆಲ್ಲಗೆ ಏರಿ ಹಸಿರಿಗೆ ಬಂದಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಮಗಳ ಫೋನ್ ಹತ್ತಿತು.

"ಇಳದಿತ್ತಲ್ಲ ತಂಗಿ, ಯಾರು ನೋಡಿದ್ರು?"

"ಯಾರು ನೋಡ್ಬೇಕವ್ವಾ? ಕೈ ನಡಗಲಿಕ್ಕತ್ತಿದ್ವು. ಗ್ಲುಕೋಸ್ ತಿಂದು, ನೆಳ್ಳಿಗೆ ಕುಂತು, ಆಮ್ಯಾಲ ಬುತ್ತಿ ಬಿಚ್ಚಿದೆ. ನೀ ನೋಡಲಿಕ್ಕತ್ತಿ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಂಜಿಕಿ ಆಗ್ಲಿಲ್ಲ."

ಹುಷಾರಾಗಿ ಬಾ ಎಂದು ಫೋನ್ ಇಟ್ಟೆ.

ಮನೆಗೆ ಬಂದವಳೇ ಆ ಸಾಲು ಬರೆದೆ. ಗಂಡ ಅಪರಾಧಿಯಂತೆ ಬಾಗಿಲಲ್ಲಿ ನಿಂತಿದ್ದರು. ಬೈಯಲು ಮನಸ್ಸಾಗಲಿಲ್ಲ; ಒಂದು ಲೋಟ ಚಹಾ ಕೊಟ್ಟೆ. ಸಂಜೆ ಮಗಳು ಮೈತುಂಬ ಧೂಳು ಮಾಡಿಕೊಂಡು ಬಂದಳು. ಸುಳ್ಳು ಹೇಳಿ ಅವಳ ಧೈರ್ಯ ಉಳಿಸಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆಗಲಿಲ್ಲ. ಡಬ್ಬಿ ಬಂದ್ ಬಿದ್ದಿತ್ತು, ನಾನು ಏನೂ ನೋಡಿರಲಿಲ್ಲ ಎಂದು ಹೇಳಿಯೇಬಿಟ್ಟೆ.

ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಲ್ಲೇ ನಿಂತಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಹಂಗಾರ ನಾ ಒಬ್ಬಾಕಿನೇ ಮಾಡೀನಾ?"

"ಹೂಂ ತಂಗಿ, ನೀ ಒಬ್ಬಾಕಿನೇ."

ಅವಳು ಇನ್ನೊಂದು ಚಪ್ಪಲಿ ಬಿಡುವುದನ್ನೂ ಮರೆತು, ಪಕ್ಕದ ಮನೆಯ ಗೆಳತಿಗೆ ಹೇಳಲು ಓಡಿದಳು.