ಗೈರ್‌ಮುಲ್ಕಿಯ ಪ್ರಯೋಗ

ಬೋರಲು ಹಾಕಿದ ಗಾಜಿನ ಲೋಟದೊಳಗೆ ಮೇಣದಬತ್ತಿ ಆರಿತು, ತಟ್ಟೆಯ ನೀರು ಮೇಲೇರಿತು. ಕಾರಣವನ್ನೂ ವಿವರಿಸಿ ಗದ್ವಾಲದ ವಿಜ್ಞಾನ ಸ್ಪರ್ಧೆಯಲ್ಲಿ ನಾನು ಮೊದಲಿಗನಾದೆ. ಇನ್ನು ಹೈದರಾಬಾದಿನ ಸ್ಪರ್ಧೆಗೆ ಹೋಗುವುದಷ್ಟೇ ಬಾಕಿ. ಅಷ್ಟರಲ್ಲಿ ತೀರ್ಪುಗಾರರು ಊರು ಕೇಳಿದರು. ಸೊಲ್ಲಾಪುರದಿಂದ ನಾರಾಯಣಪೇಟೆಗೆ ನೇಯಲು ಬಂದವರು ನಾವು ಎಂದೆ.

“ಹಂಗಾದ್ರ ನೀ ಗೈರ್‌ಮುಲ್ಕಿ, ಹೈದರಾಬಾದ್ ಮುಲ್ಕಿನ ಹೊರಗಿನವ. ನಿನ್ನ ಕಳ್ಸಾಕ ಬರಂಗಿಲ್ಲ, ತಮ್ಮಾ.”

“ನೀರು ಮ್ಯಾಲೆ ಏರಾಕ ನನ್ನ ಮುಲ್ಕ್ ಯಾವ್ದಂತ ಕೇಳ್ತದೇನ್ರಿ, ಸಾಹೇಬ್ರ?”

ಎಲ್ಲರೂ ನಕ್ಕರು, ಅವರೂ ನಕ್ಕರು. “ವಾದದಾಗೂ ನೀನ ಗೆದ್ದಿ. ಈಗ ಎರಡನೇ ನಂಬರಿನ ಹುಡುಗಗ ಇದನ್ನ ಕಲಿಸು, ಅವ ಹೋಗ್ತಾನ.”

ಕಲಿಸಿದೆ. ನೀರು ಏಕೆ ಏರುತ್ತದೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೈದರಾಬಾದಿನವರು ಕೇಳಿಯೇ ಕೇಳುತ್ತಾರೆ, ಆಗ ಸಿಕ್ಕಿಬೀಳುತ್ತಾನೆ ಎಂದು ನಂಬಿದ್ದೆ. ಯಾರೂ ಕೇಳಲಿಲ್ಲವಂತೆ. ಪದಕ ತಂದಿದ್ದಾನೆ.