ಚೀನಾದ ಸವತಿ

ಹಿಂದಿನ ದಿನ ನಮ್ಮ ಮನೆಯವರು ಹೊಸ್ತಿಲ ಬಳಿ ಕೂತು ಹಸಿ ಬಟಾಣಿ ಸುಲಿಯುತ್ತಿದ್ದರು. ಅವರ ಹೆಬ್ಬೆರಳು ಅಗಲ, ಉಗುರು ಮೊಂಡು. ಕಾಯಿಯ ಹೊಟ್ಟೆಯನ್ನು ಒಂದು ಸಲ ಒತ್ತಿದರೆ ಕಾಳು ತಾನಾಗಿ ಬುಟ್ಟಿಗೆ ಉದುರುತ್ತಿತ್ತು. ಮೆಂತ್ಯೆಸೊಪ್ಪು ಮಾರುವ ಹೆಂಗಸು ತಲೆಯ ಹೊರೆ ಇಳಿಸಿ ಅವರೆದುರು ಕುಕ್ಕರಗಾಲಿನಲ್ಲಿ ಕೂತಳು. ಸೊಸೆಯ ಹೆರಿಗೆಯಿಂದ ಹಿಡಿದು ಎಮ್ಮೆಯ ಕಾಲುನೋವಿನವರೆಗೆ ಅವಳು ಹೇಳಿದ್ದನ್ನೆಲ್ಲ ಅವರು ಕೇಳಿದರು. ಚಹಾ ಆಗಿದೆ ಎಂದು ನಾನು ಒಳಗಿನಿಂದ ಕೂಗಿದೆ. “ಬಂದೆ” ಅಂದರು, ಬರಲಿಲ್ಲ. ನನಗೆ ಉರಿಯಿತು.

ಮರುದಿನ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲೇ ಇಲ್ಲ.

ಅವರು ಸಾಂಗಲಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ದಿನಾ ಮಿರಜದಿಂದ ಬಸ್ಸಿನಲ್ಲಿ ಹೋಗಿ ಬರುವುದು. ನಾನು ಓದಿದ್ದು ಹತ್ತನೆಯವರೆಗೆ. ಎಲ್ಲಕ್ಕಿಂತ ಅವರಿಗೆ ಪ್ರೀತಿ ಚೀನಾದ ಹಳಬರ ದಾವ್ ಎಂಬ ವಿಚಾರದ ಮೇಲೆ. ದಾವ್ ಎಂದರೆ ದಾರಿಯಂತೆ. ಹೆಸರಿಲ್ಲದ ಒಂದರಿಂದ ಎಲ್ಲವೂ ಬರುತ್ತದೆ, ಕೆಲಕಾಲ ಒಂದು ರೂಪದಲ್ಲಿದ್ದು ಮತ್ತೆ ಅಲ್ಲಿಗೇ ಹೋಗುತ್ತದೆ, ಮನುಷ್ಯನೂ ಹಾಗೆಯೇ, ಯಾವುದನ್ನೂ ಬಿಗಿಯಾಗಿ ಹಿಡಿಯದೆ ಬದುಕಬೇಕು ಎಂದು ಊಟದ ಹೊತ್ತಿಗೆ ನನಗೆ ಹೇಳುತ್ತಿದ್ದರು.

“ಹಂಗಾದ್ರ ಗಂಡ ಹೆಂಡ್ತಿ ಅನ್ನೂದೂ ಇಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ.

“ಐತಲ್ಲ. ಈಗ ಐತಿ.”

“ಈಗ ಅಂದ್ರ?”

“ಈಗ ಅಂದ್ರ ಈಗ. ಇನ್ನೊಂದು ರೊಟ್ಟಿ ಹಾಕು.”

“ಆ ದಾವ್ ಅನ್ನೂ ನನ್ನ ಚೀನಾದ ಸವತೀನ ಕೇಳ್ರಿ, ಆಕೀನ ರೊಟ್ಟಿ ಬಡದು ಹಾಕ್ತಾಳ.”

ತುತ್ತು ನೆತ್ತಿಗೇರುವಷ್ಟು ನಕ್ಕರು. ಮಾರನೆಯ ದಿನ ಹೊರಡುವಾಗ, “ಬರ್ತೀನಿ, ಸವತಿ ಕಾಯಾಕತ್ಯಾಳ” ಎಂದು ನನ್ನನ್ನೇ ಕೆಣಕಿದರು. ನಾನು ನಗಲಿಲ್ಲ.

ನನಗೆ ಜ್ವರ ಬಂದರೆ ರಜೆ ಹಾಕಿ, ಹಣೆಗೆ ತಣ್ಣೀರ ಬಟ್ಟೆ ಇಡುತ್ತ ಕೂರುತ್ತಿದ್ದರು. ಓಣಿಯವರೆಲ್ಲ ಮಾವಶಿ ಎಂದು ಕರೆಯುವ ಪಕ್ಕದ ಮನೆಯ ಹೆಂಗಸಿಗೆ ಜ್ವರ ಬಂದಾಗಲೂ ಹಾಗೆಯೇ ಕೂತರು. ಬಟ್ಟೆ ಹಿಂಡುವ ರೀತಿಯೂ ಅದೇ. ನಿಂತು ನೋಡಿದ್ದೇನೆ.

ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಮೊದಲು ದೇವರಿಗೆ, ಆಮೇಲೆ ಮನೆಮಂದಿಗೆ, ಆಮೇಲೆ ಓಣಿಗೆ. ಒಂದು ವರ್ಷ ನಾನು ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕಾದಿದ್ದೆ. ಬಸ್ಸಿನ ಕಂಡಕ್ಟರನಿಗೆ, ಚಪ್ಪಲಿ ಹೊಲಿಯುವವನಿಗೆ, ಗುರುತಿಲ್ಲದ ಯಾರೋ ಮುದುಕಿಗೆ ಕೊಟ್ಟು ಮುಗಿಸಿ ಬರಿಗೈಯಲ್ಲಿ ಬಂದರು.

“ನನ್ನ ಬಂಗಾರ ಎಲ್ಲೈತ್ರಿ?”

ಎರಡೂ ಅಂಗೈ ನೋಡಿಕೊಂಡರು. “ಅಯ್ಯ, ನಿನಗೂ ಬ್ಯಾರೆ ಕೊಡಬೇಕೇನ?”

ನಾನು ಬೇರೆಯವಳೇ ಅಲ್ಲ ಎನ್ನುವಷ್ಟು ಅವರಿಗೆ ಹತ್ತಿರದವಳೋ, ಓಣಿಯ ಹತ್ತು ಜನರಲ್ಲಿ ಒಬ್ಬಳೋ? ಆಗಲೇ ಕೇಳಬಹುದಿತ್ತು. ಸರ್ರನೆ ಒಳಗೆ ಹೋಗಿ ಸೀರೆ ಬದಲಿಸಿದೆ. ಅವರು ಹಿಂದೆಯೇ ಬಂದರು.

“ಸಿಟ್ಟು ಬಂತೇನ? ಇರ್ಲಿ ಬಿಡು, ತಾನ ಹೋಗತೈತಿ.”

ಹೋಗಲಿಲ್ಲ.

ಅವರು ತೀರಿಕೊಂಡ ಮೇಲೆ ಮಾತನಾಡಿಸಲು ಜನ ಬಂದರು. ಕುಪವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರ ಹಳೆಯ ವಿದ್ಯಾರ್ಥಿಯೊಬ್ಬ ಚಾಪೆಯ ಮೇಲೆ ಕೂತು ಅತ್ತ.

“ಕಾಕೂ, ಸರ್‌ಗೆ ಎಲ್ಲಾರಕಿಂತ ನನ್ನ ಮ್ಯಾಲೆ ಭಾಳ ಜೀವ ಇತ್ರಿ.”

“ಅವ್ರು ಹಂಗ ಅಂದಿದ್ರೇನ?”

“ಅನ್ನೂದ್ಯಾಕ್ರಿ ಕಾಕೂ? ಗೊತ್ತಾಗತೈತಲ್ರಿ.”

ಅವನಿಗೆ ಅದರಲ್ಲಿ ಸಂದೇಹವೇ ಇರಲಿಲ್ಲ. ಆಮೇಲೆ ಬಂದವರೂ ತಮ್ಮ ತಮ್ಮ ಮಾತಿನಲ್ಲಿ ಇದನ್ನೇ ಹೇಳಿದರು. ಎಲ್ಲರ ಮುಂದೆಯೂ ತಲೆಯಾಡಿಸಿದೆ, ಒಳಗೊಳಗೆ ಹೊಟ್ಟೆ ಉರಿಯುತ್ತಿತ್ತು. ಒಬ್ಬರಿಗೆ ಕೊಟ್ಟದ್ದರಿಂದ ಇನ್ನೊಬ್ಬರಿಗೆ ಅವರು ಕಡಿಮೆಯಾಗಲಿಲ್ಲ ಎಂಬುದು ನನಗೂ ತಿಳಿಯುತ್ತದೆ. ತಿಳಿದರೂ ಉರಿ ಇದೆ. ಬಂದವರಿಗೆಲ್ಲ ಹೇಳಿಸಿಕೊಳ್ಳದೆಯೇ ಗೊತ್ತಾಗಿತ್ತು. ನನಗೆ ಮಾತ್ರ, ನಿನ್ನ ಮ್ಯಾಲೆ ಜೀವ ಐತಿ ಎಂದು, ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು.

ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.