ದೋಣಿಗೊಂದು ಬ್ಯಾಟ್ರಿ

ಅಕ್ಕ ಫೋನಿನಲ್ಲಿ ಕೇಳಿದ್ದು ಇಷ್ಟೇ: “ತಮ್ಮಾ, ನಿಮ್ಮ ಭಾವಗ ದೋಣ್ಯಾಗ ಹಿಡಿಲಿಕ್ಕಿ ಒಂದು ಚಲೋ ಬ್ಯಾಟ್ರಿ ತಂದ್ಕೊಡು.” ನಮ್ಮ ಬೀದರ್ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುವುದು ರೂಢಿ. ಬೇರೆ ಯಾವ ತಮ್ಮನಾದರೂ ಅದೇ ಸಂಜೆ ಪೇಟೆಗೆ ಹೋಗಿ ಒಂದನ್ನು ಕೊಂಡು ಭಾನುವಾರ ತಲುಪಿಸುತ್ತಿದ್ದ. ಬಾಚಣಿಗೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವ ಮನುಷ್ಯ ನಾನು. ನನಗೆ ಇಂಥ ಕೆಲಸ ಹೇಳಬಾರದಿತ್ತು.

ಅದು ಯಾಕೆ ಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಅಕ್ಕನ ಊರು ಭಾಲ್ಕಿ ತಾಲೂಕಿನಲ್ಲಿ, ಕಾರಂಜಾ ಹಿನ್ನೀರಿನ ದಂಡೆಯಲ್ಲಿದೆ. ಅವರ ಹೊಲ ಇರುವುದು ಆಚೆ ದಂಡೆಗೆ. ರಸ್ತೆ ಹಿಡಿದರೆ ದೊಡ್ಡ ಸುತ್ತು, ಆದ್ದರಿಂದ ಭಾವ ತಗಡಿನ ಚಿಕ್ಕ ದೋಣಿಯಲ್ಲಿ ಹೋಗಿಬರುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಹೊರಡುವುದು ತಡವಾಗಿ, ಕತ್ತಲಲ್ಲಿ ದೋಣಿ ನೀರೊಳಗಿನ ಜಾಲಿ ಮರದ ಬೊಡ್ಡೆಗೆ ಬಡಿಯಿತು. ಮಗುಚುವುದೊಂದು ಬಾಕಿ ಇತ್ತಂತೆ. ಭಾವ ಅದನ್ನು ನಗುತ್ತಾ ಹೇಳಿದರು, ಅಕ್ಕ ನಗಲಿಲ್ಲ. ಅಂದಿನಿಂದ ಅವರು ಬಂದು ದಂಡೆ ಹತ್ತುವವರೆಗೆ ಅವಳು ಒಲೆಯ ಮೇಲೆ ಹಂಚು ಇಡುವುದಿಲ್ಲ. ನೀರಿನ ಅಂಚಿಗೆ ಹೋಗಿ ಸುಮ್ಮನೆ ನಿಂತಿರುತ್ತಾಳೆ.

“ನೀರ ಮ್ಯಾಲ ಬೆಳಕು ಕಂಡ್ರ ಸಾಕು ನೋಡು, ನಾ ಒಳಗ ಹೋಗಿ ರೊಟ್ಟಿ ಬಡೀಲಿಕ್ಕಿ ಕುಂದರ್ತೇನಿ” ಎಂದಿದ್ದಳು. ಆ ಮಾತು ನನ್ನ ತಲೆ ಕೆಡಿಸಿತು. ಅಕ್ಕನ ಭಯ ಹೋಗಲಾಡಿಸುವ ಬೆಳಕೆಂದರೆ ಅದು ಸಾಧಾರಣ ಬೆಳಕಾಗಬಾರದು ಎಂದು ತೀರ್ಮಾನಿಸಿದೆ.

ಮೊದಲು ಮೊಬೈಲಿನಲ್ಲಿ ವಿಡಿಯೋ ನೋಡಲು ಹತ್ತಿದೆ. ಸಮುದ್ರದಲ್ಲಿ ಹಡಗು ನಡೆಸುವವರು ಹೇಳುವುದನ್ನೆಲ್ಲ ಕೇಳಿಸಿಕೊಂಡೆ. ಬೆಳಕಿಗೆ ಲ್ಯೂಮೆನ್ ಎಂಬ ಲೆಕ್ಕವಿದೆ, ನೀರು ತಡೆಯುವುದಕ್ಕೆ ಬೇರೊಂದು ನಂಬರಿದೆ, ಅಗಲಕ್ಕೆ ಹರಡುವ ಬೆಳಕು ಬೇರೆ, ಸೂಜಿಯಂತೆ ದೂರ ಹೋಗುವ ಬೆಳಕು ಬೇರೆ ಎಂದು ತಿಳಿಯಿತು. ತಿಳಿದದ್ದನ್ನು ಊಟದ ಹೊತ್ತಿಗೆ ಹೆಂಡತಿಗೆ ಹೇಳುತ್ತಿದ್ದೆ. ಅವಳು ಒಂದು ದಿನ, “ನಿಮ್ಮ ಭಾವ ಹೊಲಕ್ಕ ಹೋಗ್ಲತ್ತಾರೋ ಲಂಕಾಕ್ಕ ಹೋಗ್ಲತ್ತಾರೋ ಮೊದಲು ಕೇಳ್ರಿ” ಎಂದಳು.

ಬೀದರದ ಚೌಬಾರಾ ಗೋಪುರದ ಹತ್ತಿರ ಒಂದು ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಐದಾರು ಬ್ಯಾಟ್ರಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ನಾನು ಒಂದೊಂದನ್ನೂ ಎತ್ತಿ, ತೂಗಿ, ಹಿಡಿಕೆ ಹಿಂಡಿ, ಚಾರ್ಜ್ ಮಾಡುವ ತೂತಿಗೆ ರಬ್ಬರಿನ ಮುಚ್ಚಳ ಇದೆಯೋ ಇಲ್ಲವೋ ಎಂದು ಉಗುರಿನಿಂದ ಕೆದಕಿದೆ.

“ಇದು ನೀರಾಗ ಬಿದ್ರ ತೇಲ್ತದೇನ್ರಿ ಚಾಚಾ?”

“ಅದು ನಮಗ ಮಾಲೂಮ್ ಇಲ್ರಿ ಸಾಬ್. ಒಯ್ದವರು ಯಾರೂ ವಾಪಸ್ ತಂದಿಲ್ಲ.”

ಒಯ್ದವರು ಖುಷಿಯಾಗಿದ್ದಾರೋ ಅಥವಾ ಬ್ಯಾಟ್ರಿ ಸಮೇತ ಮುಳುಗಿದ್ದಾರೋ ಎಂಬುದು ಆ ಉತ್ತರದಿಂದ ಗೊತ್ತಾಗುವಂತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ.

ಆಮೇಲೆ ಕಚೇರಿಯಲ್ಲಿ ಯಾರೋ ಹೇಳಿದರು, ಔರಾದ ಕಡೆ ಕುರಿ ಕಾಯುವವರು ಗಟ್ಟಿಮುಟ್ಟಾದ ಬ್ಯಾಟ್ರಿ ಇಟ್ಟುಕೊಳ್ಳುತ್ತಾರೆ, ಅಲ್ಲಿಯ ಪೇಟೆಯಲ್ಲಿ ಒಳ್ಳೆಯ ಮಾಲು ಸಿಗುತ್ತದೆ ಎಂದು. ರಜೆಯ ದಿನ ಬೈಕ್ ಹತ್ತಿ ಔರಾದಕ್ಕೆ ಹೋದೆ. ಅಂಗಡಿಯಲ್ಲಿ ಚಿಂತಾಕಿ ಕಡೆಯ ಒಬ್ಬ ಕುರಿಗಾರ ನಿಂತಿದ್ದ. ಯಾವುದು ತಗೊಳ್ಳಲಿ ಎಂದು ಅವನಿಗೂ ತೋಚುತ್ತಿರಲಿಲ್ಲ. ನಾನು ಬಿಡುತ್ತೇನೆಯೇ? ಕಲಿತದ್ದನ್ನೆಲ್ಲ ಅವನ ಮುಂದೆ ಸುರಿದೆ. ಸೂಜಿ ಬೆಳಕಿನ ಮಹಿಮೆಯನ್ನು ಹೇಳುವಾಗ ನನ್ನ ದನಿ ನನಗೇ ಹಿತವಾಗಿ ಕೇಳಿಸುತ್ತಿತ್ತು. ಅವನು ತಲೆದೂಗಿ, “ನೀವು ಇಷ್ಟು ಹೇಳ್ಲತ್ತೀರಂದ್ರ ಅದೇ ಕೊಡ್ರಿ” ಎಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಕೊಂಡು ಹೆಗಲಿಗೆ ಹಾಕಿಕೊಂಡ. ಅವನ ಎದುರಿಗೆ ನಾನು ಚಿಕ್ಕದನ್ನು ಕೊಳ್ಳುವುದು ಹೇಗೆ? ಮರ್ಯಾದೆಗೆ ಅಂಜಿ ಅಂಥದ್ದೇ ಇನ್ನೊಂದನ್ನು ಕೊಂಡೆ. ನನ್ನ ಮಾತಿಗೆ ಮರುಳಾದವರು ಆ ದಿನ ಇಬ್ಬರು, ಅದರಲ್ಲಿ ನಾನೂ ಒಬ್ಬ.

ತಿರುಗಿ ಬರುವಾಗ ಜನವಾಡದ ಹತ್ತಿರ ಮಾಂಜ್ರಾ ಹೊಳೆಯ ಸೇತುವೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ನೀರಿನ ಮೇಲೆ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಬೈಕ್ ನಿಲ್ಲಿಸಿ, ಕಟ್ಟೆಗೆ ಒರಗಿ ಹೊಳೆಗೆ ಬೆಳಕು ಬಿಟ್ಟೆ. ದೂರದ ದಂಡೆಯ ಮೇಲೆ ಒಂದೊಂದು ಕಲ್ಲೂ ಕಾಣುತ್ತಿತ್ತು. ಎರಡು ನಿಮಿಷದಲ್ಲಿ ಹಿಂದೆ ಬೈಕುಗಳು ನಿಂತವು. “ಯಾರು ಬಿದ್ದಾರ್ರಿ?” ಎಂದು ಒಬ್ಬ ಕೇಳಿದ. ಯಾರೂ ಬಿದ್ದಿಲ್ಲ ಎಂದೆ. “ಮತ್ತ ಏನು ಹುಡುಕ್ಲತ್ತೀರಿ?” ಎಂದು ಇನ್ನೊಬ್ಬ. ಅಷ್ಟರಲ್ಲಿ ಮೂರನೆಯವನು ತಾನು ಕೂಗು ಕೇಳಿದ್ದಾಗಿ ಹೇಳಿಯೂ ಬಿಟ್ಟ. ನಾನು ಬ್ಯಾಟ್ರಿ ಪರೀಕ್ಷೆ ಮಾಡುತ್ತಿದ್ದೇನೆ ಎಂಬುದನ್ನು ಅವರು ಯಾರೂ ನಂಬಲಿಲ್ಲ. ಬೈಕ್ ಹತ್ತಿ ಹೊರಟಾಗಲೂ ಅವರಲ್ಲಿ ಕೆಲವರು ಕಟ್ಟೆಗೆ ಬಗ್ಗಿ ಕೆಳಗೆ ನೋಡುತ್ತಲೇ ಇದ್ದರು.

ಮರುದಿನ ಮುಸ್ಸಂಜೆ ಮಾಳಿಗೆಯ ಮೇಲೆ ಹೆಂಡತಿಗೆ ಹಚ್ಚಿ ತೋರಿಸಿದೆ. ಅವಳು ಒಣಗಿದ ಬಟ್ಟೆಯ ರಾಶಿಯನ್ನು ಕಂಕುಳಿಗೆ ಸೇರಿಸಿ ಥಟ್ಟನೆ ಕೈ ಮುಗಿದಳು. ನಮ್ಮಲ್ಲಿ ಸಂಜೆ ಹೊತ್ತು ಯಾರೇ ದೀಪ ಹಚ್ಚಲಿ, ಕರೆಂಟಿನದಾದರೂ ಸರಿ, ಕಂಡವರು ಕೈ ಮುಗಿಯುತ್ತಾರೆ. ಮುಗಿದ ಮೇಲೆ ಅವಳಿಗೆ ಅದು ಬ್ಯಾಟ್ರಿ ಎಂದು ನೆನಪಾಗಿ, ಕೈ ಮುಗಿಸಿಕೊಂಡದ್ದಕ್ಕೆ ನನ್ನನ್ನೇ ಬೈದಳು. ನಾನು ನಕ್ಕೆ. ಅಲ್ಲಿಯೇ ನನಗೆ ಬುದ್ಧಿ ಬರಬೇಕಿತ್ತು.

ಭಾನುವಾರ ಭಾಲ್ಕಿಗೆ ಹೋಗಿ ಅಲ್ಲಿಂದ ಟಂಟಂ ಆಟೊ ಹತ್ತಿ ಅಕ್ಕನ ಊರು ಮುಟ್ಟಿದೆ. ಮಧ್ಯಾಹ್ನ ಭಾವನ ಜೊತೆ ದೋಣಿಯಲ್ಲಿ ಹೊಲಕ್ಕೂ ಹೋದೆ. ನಾನು ತಂದ ಬೆಳಕಿನಲ್ಲಿ ನಾನೇ ಅವರನ್ನು ಮನೆಗೆ ಕರೆತರಬೇಕೆಂಬ ಆಸೆ. ಭಾವನೂ ಬ್ಯಾಟ್ರಿಯನ್ನು ತಿರುವಿ ತಿರುವಿ ನೋಡಿ ಖುಷಿಪಟ್ಟು, ಕತ್ತಲಾಗಲೆಂದೇ ಬೇಕಂತಲೇ ಹೊತ್ತು ಕಳೆದರು. ವಯಸ್ಸಾದ ಇಬ್ಬರು ಗಂಡಸರು ಹೊಲದ ಬದುವಿನಲ್ಲಿ ಕೂತು ಕತ್ತಲಿಗೆ ಕಾಯುತ್ತಿದ್ದೆವು.

ನಡು ನೀರಿಗೆ ಬಂದಾಗ ದಂಡೆಗಳೆರಡೂ ಕಾಣದಾಗಿದ್ದವು. ಭಾವ ಎರಡೂ ಕೈಯಲ್ಲಿ ಹುಟ್ಟು ಹಿಡಿದು ನೀರು ತಳ್ಳುತ್ತಿದ್ದರು. ದೋಣಿಗೆ ಇದ್ದದ್ದು ಅದೊಂದೇ ಹುಟ್ಟು. “ಹಚ್ಚಲಿ ಏನ್ರಿ ಭಾವ?” ಎಂದೆ. “ಹಚ್ಚು” ಎಂದರು. ಹಚ್ಚಿದೆ.

ಭಾವ ಹುಟ್ಟು ಬಿಟ್ಟು ಕೈ ಮುಗಿದರು.

ಹುಟ್ಟು ದೋಣಿಯ ಅಂಚಿಗೆ ತಾಗಿ, ಮೆಲ್ಲಗೆ ಜಾರಿ, ನೀರಿಗೆ ಇಳಿಯಿತು. “ಅಲ್ಲೇ ಬಿತ್ತು, ಬೆಳಕು ಹಿಡಿ” ಎಂದರು ಭಾವ. ನಾನು ಗಾಬರಿಯಲ್ಲಿ ಅವರ ಮುಖಕ್ಕೇ ಹಿಡಿದೆ. ಅವರಿಗೆ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ. ನೀರಿಗೆ ತಿರುಗಿಸಿದರೆ ನನ್ನ ಸೂಜಿ ಬೆಳಕು ಒಂದು ತಟ್ಟೆಯಷ್ಟು ನೀರನ್ನು ಹಗಲು ಮಾಡುತ್ತಿತ್ತು, ಸುತ್ತಲಿನದು ಮೊದಲಿಗಿಂತ ಕಪ್ಪಾಗುತ್ತಿತ್ತು. ಎಷ್ಟು ಆಡಿಸಿದರೂ ಹುಟ್ಟು ಸಿಗಲಿಲ್ಲ. ಅಗಲಕ್ಕೆ ಹರಡುವ ಬೆಳಕನ್ನು ನಾನು ಔರಾದದಲ್ಲಿ ಹೀಗಳೆದು ಮಾತಾಡಿದ್ದು ನೆನಪಾಯಿತು.

ಆಗ ದಂಡೆಯ ಕಡೆಗೆ ಬೆಳಕು ಬಿಟ್ಟೆ. ಅಕ್ಕ ಕಂಡಳು. ಎಷ್ಟೋ ದೂರದಲ್ಲಿ, ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ. ಅವಳೂ ಬೆಳಕಿಗೆ ಕೈ ಮುಗಿದಳು. ಮುಗಿದು, ಸೆರಗು ಸರಿಮಾಡಿಕೊಂಡು, ಹೇಳಿದ ಮಾತಿನಂತೆ ರೊಟ್ಟಿ ಬಡಿಯಲು ಒಳಗೆ ಹೋದಳು. ನಾವು ಕೂಗಿದ್ದು ಗಾಳಿಗೆ ಹೋಯಿತು.

“ಅದರಿಂದ ನೀರು ತಳ್ಳಲಿಕ್ಕಿ ಬರ್ತದೇನು?” ಎಂದು ಭಾವ ಬ್ಯಾಟ್ರಿಯನ್ನು ನೋಡಿ ಕೇಳಿದರು. ಆ ಗುಣದ ಬಗ್ಗೆ ವಿಡಿಯೋದವರು ಏನೂ ಹೇಳಿರಲಿಲ್ಲ. ಕೊನೆಗೆ ಭಾವ ಬುತ್ತಿ ಡಬ್ಬಿಯ ಮುಚ್ಚಳ ಹಿಡಿದರು, ನಾನು ಬರಿಗೈ. ನನಗೆ ಎರಡೂ ಕೈ ಬೇಕಾದವು, ಹೀಗಾಗಿ ಬ್ಯಾಟ್ರಿಯನ್ನು ಆರಿಸಿ ಕಾಲ ಬಳಿ ಇಟ್ಟೆ. ಅಷ್ಟು ಓದಿ, ಅಷ್ಟು ತಿರುಗಿ ತಂದ ಬೆಳಕನ್ನು ಆರಿಸಿ, ಕತ್ತಲಲ್ಲಿ ಅಂಗೈಯಿಂದ ನೀರು ತಳ್ಳುತ್ತಾ ಬಂದೆವು. ನಡುವೆ ಭಾವನಿಗೆ ನಗು ಬಂತು, ಅದನ್ನು ಕೇಳಿ ನನಗೂ ಬಂತು.

ದಂಡೆ ಮುಟ್ಟಿದಾಗ ಅಕ್ಕ ಮೊಣಕಾಲು ಮಟ ನೀರಿನಲ್ಲಿ ನಿಂತಿದ್ದಳು. ಕೈಗೆ ರೊಟ್ಟಿಯ ಹಿಟ್ಟು ಹಾಗೇ ಮೆತ್ತಿತ್ತು. ನಮ್ಮ ನಗು ಅಲ್ಲಿಗೆ ನಿಂತಿತು. ಅವಳು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೊದಲು ಕತ್ತಲಿತ್ತು” ಎಂದಳು ಆಮೇಲೆ. “ಬರ್ಲತ್ತಾರ, ಬರ್ಲತ್ತಾರ ಅಂತ ಮನಸಿಗಿ ಹೇಳ್ಕೋತ ನಿಂದರ್ತಿದ್ದೆ. ಇವತ್ತ ಎರಡು ರೊಟ್ಟಿ ಬಡಿದು ಹೊರಗ ಬಂದು ನೋಡ್ತೇನಿ, ಬೆಳಕು ಅಲ್ಲೇ ನಿಂತದ. ನೋಡ್ಲತ್ತಂಗೇ ಅದೂ ಆರಿ ಹೋಯ್ತು.”

ಬ್ಯಾಟ್ರಿ ಆರಿಸುವಾಗ ಅದನ್ನು ಒಬ್ಬಳು ನೋಡುತ್ತಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಬೆಳಗಾದ ಮೇಲೆ ಹುಟ್ಟು ದಂಡೆಯ ಆಪು ಹುಲ್ಲಿನಲ್ಲಿ ಸಿಕ್ಕಿಕೊಂಡಿದ್ದು ಕಂಡಿತು. ಅದನ್ನು ದೋಣಿಗೆ ಕಟ್ಟಿಡಲು ಬೀದರದಿಂದ ಒಂದು ಒಳ್ಳೆಯ ಹಗ್ಗ ತಂದುಕೊಡುತ್ತೇನೆ ಎಂದೆ. “ಹಗ್ಗ ನಾ ನೋಡ್ಕೋತೇನಿ. ನೀ ಆರಿಸೂದು ಬ್ಯಾಡ” ಎಂದು ಅಕ್ಕ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಕಟ್ಟಿದಳು.

ಬ್ಯಾಟ್ರಿ ಈಗ ದೋಣಿಯ ಮೂತಿಗೆ ಬಿಗಿದು ಕೂತಿದೆ. ದಂಡೆ ಹತ್ತುವವರೆಗೆ ಆರಿಸಬಾರದೆಂದು ಭಾವನಿಗೆ ಕಟ್ಟಪ್ಪಣೆಯಾಗಿದೆ. ಮೊನ್ನೆ ಫೋನು ಮಾಡಿದಾಗ, ಈಗಲಾದರೂ ಬೆಳಕು ಕಂಡಕೂಡಲೇ ಒಳಗೆ ಹೋಗಿ ರೊಟ್ಟಿಗೆ ಕೂಡುತ್ತೀಯೋ ಇಲ್ಲವೋ ಎಂದು ಅಕ್ಕನನ್ನು ಕೇಳಿದೆ. ನನ್ನ ತಿರುಗಾಟಕ್ಕೆ ಅಷ್ಟಾದರೂ ಫಲ ಸಿಕ್ಕಿರಬೇಕು ಎಂಬ ಆಸೆ ಇನ್ನೂ ಇತ್ತು.

“ಬೆಳಕು ನಡಿಲತ್ತದೋ ನಿಂತದೋ ನೋಡಬೇಕಲ್ಲೋ ತಮ್ಮಾ” ಎಂದಳು ಅಕ್ಕ. “ಅದನ್ನ ಬಿಟ್ಟು ಹ್ಯಾಂಗ ಒಳಗ ಹೋಗ್ಲಿ?”